ವರೋಪಚಾರದ ಛತ್ರಿ

ನನ್ನ ಮೈದುನ ಓಬಳೇಶನಿಗೆ ಹೆಣ್ಣು ಕೊಟ್ಟವರು ಮೋಟರ್ ಸೈಕಲ್ ಕೊಡುತ್ತೇವೆ ಅಂದಿದ್ದರು. ಬ್ಯಾಡ ಅಂದ. ಬಂಗಾರದ ಸರ ಅಂದರು, ಅದೂ ಬ್ಯಾಡ. ಅವನಿಗೆ ಡಿಶ್ ಬೇಕಾಗಿತ್ತು. ಮಾಳಿಗೆಯ ಮೇಲೆ ಬಂಡಿ ಗಾಲಿಗಿಂತ ದೊಡ್ಡದೊಂದು ಜಾಲರಿಯ ಛತ್ರಿ, ಕೆಳಗೆ ಅದಕ್ಕೊಂದು ಡಬ್ಬಿ, ಡಬ್ಬಿಗೊಂದು ಬಣ್ಣದ ಟೀವಿ. ಕಂಪ್ಲಿಯ ರೈಸ್ ಮಿಲ್ಲಿನವರ ಮನೆಯಲ್ಲಿ ಅದನ್ನು ನೋಡಿ ಬಂದಾಗಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಬಿ.ಎ. ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಬರಿಗೈಯಲ್ಲಿ ಎದ್ದು ಬಂದ ಗಂಡು, ಗದ್ದೆಯ ಕೆಸರು ಕಾಲಿಗೆ ತಾಗಿಸದ ಗಂಡು. ನಮ್ಮೂರು ಮೆಟ್ರಿಗೆ ಮೊದಲ ಛತ್ರಿ ತಂದವನು ಅನ್ನಿಸಿಕೊಳ್ಳಬೇಕಂತೆ. ಹೆಸರು ಮಾಡಲಿಕ್ಕೆ ಅವನಿಗೆ ಬೇರೆ ದಾರಿಯೂ ಇರಲಿಲ್ಲ ಬಿಡಿ.

ನಾನು ಹೊಳೆಮ್ಮ, ಈ ಮನೆಯ ಹಿರಿಸೊಸೆ. ನನ್ನ ಗಂಡ ಪಾಲಪ್ಪ ಹೊಲ ನೋಡುವವನು, ಮಾತಾಡುವವನಲ್ಲ. ಮಾವ ಜಂಬಯ್ಯ, ಅತ್ತೆ ಭರಮಮ್ಮ. ಕಾಲುವೆ ನೀರು ಬಂದ ಮೇಲೆ ಎದ್ದ ಮನೆ ನಮ್ಮದು. ಮಾವನ ಅಪ್ಪ ನವಣೆ ಬೆಳೆದು ಅರೆಹೊಟ್ಟೆ ಉಂಡು ಸತ್ತ. ಮಾವ ವರ್ಷಕ್ಕೆ ಎರಡು ಸಲ ಭತ್ತ ಬೆಳೆದು ಆರ್‌ಸಿಸಿ ಮನೆ ಕಟ್ಟಿಸಿದ, ಟ್ರ್ಯಾಕ್ಟರ್ ತಂದ. ಅಷ್ಟಿದ್ದೂ ಬೀಗರ ಕೈ ನೋಡುವ ಚಾಳಿ ಬಿಡಲಿಲ್ಲ. ಹೊಟ್ಟೆ ತುಂಬಿದರೂ ಇವರ ಕಣ್ಣು ತುಂಬಲಿಲ್ಲ.

ಹೆಣ್ಣು ವಿರುಪಮ್ಮ ಹೊಸಪೇಟೆಯ ಚಿತ್ತವಾಡ್ಗಿಯವಳು. ಅವಳ ಅಪ್ಪ ಹೊನ್ನೂರಸ್ವಾಮಿ ಕಾರ್ಖಾನೆಯಲ್ಲಿ ಕೂಲಿ ಮಾಡಿ ಸಣ್ಣದೊಂದು ಮನೆ ಕಟ್ಟಿಕೊಂಡವನು, ಒಬ್ಬಳೇ ಮಗಳು. ಡಿಶ್ ಅಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಊಟದ ತಟ್ಟೆಯೇನೋ ಅಂದುಕೊಂಡು, "ಬೆಳ್ಳೀದು ಕೇಳಾಕತ್ತಾರೇನು?" ಅಂತ ಹೆಂಡತಿಯನ್ನು ಕೇಳಿದ್ದನಂತೆ. ಅದನ್ನು ವಿರುಪಮ್ಮ ನನಗೆ ಹೇಳಿ ನಕ್ಕಿದ್ದಳು. ಮದುವೆಯಾದ ಹೊಸದರಲ್ಲಿ ಅವಳು ನಗುತ್ತಿದ್ದಳು.

ಛತ್ರಿ ಬಂದ ದಿನ ಊರಿಗೆ ಊರೇ ನಮ್ಮ ಅಂಗಳದಲ್ಲಿತ್ತು. ಕೂರಿಸಲಿಕ್ಕೆ ಕಂಪ್ಲಿಯಿಂದ ಒಬ್ಬ ಮೆಕ್ಯಾನಿಕ್ ಬಂದ. ಬಾಯಿ ತುಂಬ ಎಲೆಅಡಿಕೆ, ಮಾತು ಅದಕ್ಕಿಂತ ಹೆಚ್ಚು. ಮಾಳಿಗೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಅದರ ಮೇಲೆ ಛತ್ರಿ ಅಂಗಾತ ಕೂರಿಸಿ ತಿರುಗಿಸತೊಡಗಿದ. ಮಾವನಿಗೆ ಅವನು ತಿರುಗಿಸಿದ ದಿಕ್ಕು ಸರಿಬರಲಿಲ್ಲ.

"ಏನಪಾ, ಮೂಲಿಗ್ಯಾಕ ತಿರುವಿದಿ? ಹಂಪಿ ಕಡಿ ಮಾಡು. ವಿರುಪಾಕ್ಷನ ಮಕ ನೋಡ್ಲಿ."

"ಹಂಪಿ ಮ್ಯಾಲ ಸ್ಯಾಟಲೈಟ್ ಇಲ್ರೀ ಯಜಮಾನ್ರ. ಅದು ಇತ್ಲಾಗ ಮುಗಿಲಾಗ ನಿಂತೈತಿ."

"ಯಾರು ನಿಲ್ಸ್ಯಾರ?"

"ಅದೆಲ್ಲ ನಮಗ್ಯಾಕ್ರೀ? ನಿಂತೈತಿ, ನಾವು ಅದರ ಕಡಿ ಬಾಯಿ ತಕ್ಕೊಂಡು ಕುಂದ್ರಬೇಕು, ಅಷ್ಟ."

ಮೆಕ್ಯಾನಿಕ್ ಮೇಲೆ, ಅತ್ತೆ ಮೆಟ್ಟಿಲ ಮೇಲೆ, ಓಬಳೇಶ ಟೀವಿ ಮುಂದೆ. ಮೆಕ್ಯಾನಿಕ್ ಛತ್ರಿಯನ್ನು ಒಂದು ಬೆರಳಷ್ಟು ಸರಿಸಿ "ಬಂತೇನ್ರೀ?" ಅನ್ನುವನು. ಅತ್ತೆ ಒಳಗೆ ಬಗ್ಗಿ "ಬಂತೇನಲೇ?" ಅನ್ನುವಳು. "ಇಲ್ಲಬೇ, ಬರೇ ಹುಳ ಆಡಾಕತ್ಯಾವು!" ಅಂತ ಓಬಳೇಶ. "ಇಲ್ಲಂತಪಾ, ಹುಳ ಬಂದಾವಂತ!" ಅಂತ ಅತ್ತೆ ಮೇಲಕ್ಕೆ. ಬಿಸಿಲು ಇಳಿಯುವ ಹೊತ್ತಿಗೆ ಗಾಜಿನ ಮೇಲೆ ಮಿಣಕುವ ಆ ಕಪ್ಪುಬಿಳಿ ಹುಳಗಳ ನಡುವೆ ಒಬ್ಬ ಹೆಂಗಸು ಕುಣಿದಳು, ಹೋದಳು, ಮತ್ತೆ ಬಂದಳು, ನಿಂತಳು. ಅಂಗಳದ ಮಂದಿಯೆಲ್ಲ ಸೀಟಿ ಹೊಡೆದರು. ಓಬಳೇಶ ತಾನೇ ಮುಗಿಲಿಗೆ ಏಣಿ ಹಾಕಿ ಬಂದವನಂತೆ ಕಾಲರ್ ಎತ್ತಿಕೊಂಡು ನಿಂತ.

ನಮ್ಮಲ್ಲಿ ಹೊಸ ಮಷೀನು ಬಂದರೆ ಪೂಜೆ ಮಾಡದೆ ಬಿಡುವುದಿಲ್ಲ. ಅತ್ತೆ ತಟ್ಟೆ ಹಿಡಿದು ಮಾಳಿಗೆ ಹತ್ತಿದಳು. ಛತ್ರಿಯ ಮುಂದೆ ಮೂರು ಕಾಲುಗಳ ಮೇಲೆ ಮುಷ್ಟಿ ಗಾತ್ರದ ಒಂದು ತುಂಡು ನಿಂತಿರುತ್ತದೆ. ಮುಗಿಲಿಂದ ಬಂದದ್ದನ್ನು ಹಿಡಿದು ವೈರಿಗೆ ಕೊಡುವುದು ಅದೇ ಅಂತೆ. ಎಲ್‌ಎನ್‌ಬಿ ಅಂತ ಅದರ ಹೆಸರು. ಮೆಕ್ಯಾನಿಕ್ ಚಹಾಕ್ಕೆ ಕೆಳಗಿಳಿಯುತ್ತ, "ಇದ ನೋಡ್ರೀ ಅಮ್ಮಾ, ಛತ್ರೀದು ಬಾಯಿ" ಅಂದುಬಿಟ್ಟ. ಬಾಯಿ ಅಂದ ಮೇಲೆ ಅತ್ತೆ ಸುಮ್ಮನಿರುತ್ತಾಳೆಯೇ! ಅರಿಶಿಣ, ಕುಂಕುಮ, ವಿಭೂತಿ ಎಲ್ಲ ಬಳಿದು, ಕಾಯಿ ಒಡೆದು, ಕಾಯಿಯ ನೀರನ್ನು ಅದರ ಮೇಲೆ, ವೈರು ಸೇರುವ ಸಂದಿಯ ಮೇಲೆ ಧಾರಾಳವಾಗಿ ಹುಯ್ದಳು. ಅಲ್ಲಿಂದ ಪ್ರತಿ ಅಮಾವಾಸ್ಯೆ ಟ್ರ್ಯಾಕ್ಟರಿಗೊಂದು ಕಾಯಿ, ಪಂಪ್‌ಸೆಟ್ಟಿಗೊಂದು ಕಾಯಿ, ಛತ್ರಿಗೊಂದು ಕಾಯಿ.

ಎರಡು ಅಮಾವಾಸ್ಯೆ ತಡೆದುಕೊಂಡಿತು. ಆಮೇಲೆ ಹುಳ ಬಂದವು. ಒಂದು ದಿನ ಚಿತ್ರ, ಒಂದು ದಿನ ಹುಳ, ಆಮೇಲೆ ಬರೇ ಹುಳ. ಮೆಕ್ಯಾನಿಕ್ ಬಂದು, ನಾನು ಮಾಡಿದ ರೊಟ್ಟಿ-ಪುಂಡಿಪಲ್ಯ ಉಂಡು, ಮೇಲೆ ಹೋಗಿ ಅಲ್ಲೊಂದು ನಟ್ಟು ತಿರುವಿ, ಇಲ್ಲೊಂದು ಗುದ್ದು ಗುದ್ದಿ, "ಗಾಳಿಗೆ ಸರದಿತ್ರೀ" ಅನ್ನುವನು. ಕೈತುಂಬ ರೊಕ್ಕ ಇಸಿದುಕೊಂಡು ಹೋಗುವನು. ವಾರ ಚೆನ್ನಾಗಿ ಬಂದು ಮತ್ತೆ ಅದೇ ಹಾಡು.

ಟೀವಿಯ ಸಿಟ್ಟು ಟೀವಿಯ ಮೇಲೆ ತೀರಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ ಓಬಳೇಶ ತಟ್ಟೆ ದೂಡಿದ.

"ನಿಮ್ಮಪ್ಪ ಹಳೇ ಮಾಲು ಕೊಟ್ಟಾನ. ಯಾರೋ ಬಿಟ್ಟದ್ದು ಬಣ್ಣ ಬಳಿದು ತಂದಾನ."

ವಿರುಪಮ್ಮ ಸಾರು ಬಡಿಸುತ್ತಿದ್ದಳು. "ಅಂಗಡಿ ಡಬ್ಬಿ ಹಂಗ ಇತ್ತಲ್ರೀ. ಸೀಲ್ ನೀವ ಒಡದ್ರಿ."

"ನೋಡ್ ನೋಡ್, ಬಾಯಿ ನೋಡಿದಿ?" ಅಂತ ಅತ್ತೆ. "ಬಂದು ಆರು ತಿಂಗಳಾಗಿಲ್ಲ, ಗಂಡಗ ಎದುರುತ್ತರ! ಊರ ಮಂದಿ ಬಂದು ಬರೇ ಹುಳ ನೋಡಿ ನಕ್ಕೋತ ಹೋದ್ರು. ನಿಮ್ಮಪ್ಪ ನಮ್ಮ ಮಾನ ಮಾಳಿಗಿ ಮ್ಯಾಲ ಹರಾಜಿಗಿಟ್ಟ."

"ಅತ್ತಿ, ಟೀವಿ ಕೆಟ್ರ ಅನ್ನ ಏನ್ ಮಾಡೈತಿ? ಉಣ್ಣಾಕ ಹೇಳ್ರಿ ಮಗನಿಗೆ," ಅಂದೆ ನಾನು.

"ನಿನ್ನ ಯಾರು ಕೇಳ್ಯಾರ ನಡುವ? ನಿನ್ನ ತವರಿನವರು ಏನ್ ಕಡದು ಕಟ್ಟಿ ಹಾಕ್ಯಾರ?"

ನನ್ನ ಗಂಡ ತಲೆ ಎತ್ತದೆ ಅನ್ನ ಕಲಸಿದ. ಮಾವ ಮಜ್ಜಿಗೆ ಕೇಳಿದ. ಆ ಮನೆಯಲ್ಲಿ ಜಗಳ ಮುಗಿಯುತ್ತಿದ್ದದ್ದು ಹಾಗೆಯೇ, ಯಾರೋ ಮಜ್ಜಿಗೆ ಕೇಳುತ್ತಿದ್ದರು.

ಅಷ್ಟರಲ್ಲಿ ವಿರುಪಮ್ಮನಿಗೆ ದಿನ ನಿಂತಿತ್ತು. ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಆರು ತಿಂಗಳು ತುಂಬುತ್ತ ಬಂತು. ಬೆಳೆಗೆ ನೈವೇದ್ಯದ ಚರಗ ಚೆಲ್ಲಲಿಕ್ಕೆ ಗದ್ದೆಗೆ ಹೋದಾಗ ಬದುವಿನ ಮೇಲೆ ಕೂತುಬಿಟ್ಟಳು, ಏಳಲಾಗಲಿಲ್ಲ. ಕಾಲು ಬಾತಿದ್ದವು. ಊರಿಗೆ ಬರುವ ನರ್ಸಮ್ಮ ಅವಳ ಕಣ್ಣ ರೆಪ್ಪೆ ಎಳೆದು ನೋಡಿ, "ಮೈಯಾಗ ರಕ್ತ ಇಲ್ಲ ಈಕಿಗೆ. ಹೆರಿಗಿ ಇಲ್ಲಿ ಇಟಗೋಬ್ಯಾಡ್ರಿ, ಹೊಸಪ್ಯಾಟಿ ದವಾಖಾನಿಗೇ ಹೋಗ್ರಿ" ಅಂದಳು. ಚಿತ್ತವಾಡ್ಗಿಯಿಂದ ದವಾಖಾನೆಗೆ ಆಟೋದಲ್ಲಿ ಎಷ್ಟು ಮಹಾ ಹೊತ್ತು! ಅವಳವ್ವ ಯಮನಮ್ಮ ಬಾಣಂತನಕ್ಕೆ ಹೆಸರಾದವಳು, ಓಣಿಯ ಅರ್ಧ ಮಕ್ಕಳಿಗೆ ಎಣ್ಣೆ-ನೀರು ಹಾಕಿದವಳು. ವಿರುಪಮ್ಮನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಹಿಟ್ಟು ನಾದುತ್ತ ಅದೇ, ಬಟ್ಟೆ ಸೆಳೆಯುತ್ತ ಅದೇ.

"ಅಕ್ಕಾ, ಏಳರಾಗ ಕುಬಸ ಮಾಡಿ ಕರಕೊಂಡು ಹೋಗ್ತಾರ. ನಮ್ಮವ್ವನ ಹತ್ರ ಮಲಕೋಬೇಕು. ಒಂದು ರಾತ್ರಿ ಪೂರಾ ನಿದ್ದಿ ಮಾಡಬೇಕು."

ಚೊಚ್ಚಲ ಬಸುರಿಗೆ ತವರಿನವರು ಸೀರೆ, ಕುಬಸ, ಹಸಿರು ಬಳೆ, ಸಿಹಿ ಬುತ್ತಿ ತಂದು, ಆರತಿ ಮಾಡಿ, ಹೆರಿಗೆಗೆ ಕರೆದೊಯ್ಯುತ್ತಾರೆ. ಯಾವ ಬಡವರ ಮನೆಯಲ್ಲೂ ತಪ್ಪದ ಪದ್ಧತಿ. ಸಂಕ್ರಾಂತಿ ಕಳೆದ ಮೇಲೆ ಬರುತ್ತೇವೆ ಅಂತ ಹೊನ್ನೂರಸ್ವಾಮಿ ಹೇಳಿ ಕಳಿಸಿದ. ಮಾವ ಕಟ್ಟೆಯ ಮೇಲೆ ಕೂತು, ಹೇಳಲಿಕ್ಕೆ ಬಂದವನಿಗೆ ಅಂದ:

"ಮೊದಲು ಕೊಟ್ಟ ಮಾಲು ಸರಿ ಮಾಡಿ ಕೊಡ್ಲಿ. ಆಮ್ಯಾಲ ಕುಬಸ ತರ್ಲಿ."

ಒಳಗೆ ನಿಂತು ಕೇಳಿದ ವಿರುಪಮ್ಮ ನನ್ನ ಕೈ ಹಿಡಿದುಕೊಂಡಳು.

"ಮಾವ, ಛತ್ರಿಗೂ ಹೊಟ್ಟಿಗೂ ಏನ್ ಸಂಬಂಧ?" ಅಂತ ನಾನು ಬಾಗಿಲಿಂದಲೇ ಕೇಳಿದೆ.

"ಸಂಬಂಧ ಮಾಡಿದವ್ರು ನಾವು, ನಮಗ ಗೊತ್ತು. ಒಲಿ ನೋಡು ಹೋಗು."

ಆ ವಾರ ಮೆಕ್ಯಾನಿಕ್ ಮತ್ತೆ ಬಂದ. ಈ ಸಲ ಅವನಿಗೂ ಗುದ್ದಿ ಗುದ್ದಿ ಸಾಕಾಗಿತ್ತೋ ಏನೋ, ಎಲ್‌ಎನ್‌ಬಿಯನ್ನೇ ಬಿಚ್ಚಿಕೊಂಡು ಕೆಳಗೆ ಬಂದ. ಪಡಸಾಲೆಯಲ್ಲಿ ಪೇಪರ್ ಹಾಸಿ ಇಟ್ಟು, ವೈರು ಸೇರುವ ತುದಿ ತೋರಿಸಿದ. ತಾಮ್ರ ಹಸಿರು ಕಟ್ಟಿತ್ತು. ಒಳಗೆಲ್ಲ ಕುಂಕುಮ ಕೆಸರಾಗಿ ಒಣಗಿತ್ತು, ಎರಡು ಇರುವೆ ಸತ್ತು ಬಿದ್ದಿದ್ದವು.

"ಇದಕ್ಕ ನೀರು ಹುಯ್ದವ್ರು ಯಾರ್ರೀ? ಮಳಿ ನೀರಲ್ಲ ಇದು, ಅಂಟು ಐತಿ."

ಎಲ್ಲರ ಕಣ್ಣೂ ಅತ್ತೆಯ ಮೇಲೆ ಹೋಯಿತು. ಅತ್ತೆ ಸೆರಗು ಎಳೆದುಕೊಂಡಳು.

"ನಾ ನೀರು ಹಾಕಿಲ್ಲ. ಕಾಯಿ ಒಡದೀನಿ. ದೇವರ ಕಾಯಿ ನೀರಾಗತೈತೇನು? ಟ್ರ್ಯಾಕ್ಟರಿಗೆ ಹಾಕ್ತೀನಿ, ಅದು ಓಡಂಗಿಲ್ಲೇನು?"

"ಅಯ್ಯೋ ಅಮ್ಮಾ! ಟ್ರ್ಯಾಕ್ಟರ್ ಗಾಲಿಗೆ ಹಾಕ್ತೀರಿ. ಇದರ ಬಾಯಾಗ ಹಾಕೀರಲ್ರೀ!"

"ಬಾಯಿ ಅಂತ ನೀನ ಅಂದಿ!"

ನನಗೆ ನಗು ತಡೆಯಲಾಗಲಿಲ್ಲ. ವಿರುಪಮ್ಮನ ಮುಖದಲ್ಲಿ ತಿಂಗಳುಗಳ ಮೇಲೆ ಜೀವ ಬಂತು. ತಪ್ಪು ಅಪ್ಪನದಲ್ಲ, ಎಲ್ಲರ ಎದುರು ಬಯಲಾಯಿತಲ್ಲ, ಇನ್ನು ಕಳಿಸುತ್ತಾರೆ ಅಂತ ಅವಳ ಲೆಕ್ಕ. ಹುಚ್ಚಿ! ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತ ಸುಮ್ಮನೆ ಗಾದೆ ಮಾಡಿದ್ದಾರೆಯೇ?

ಮೆಕ್ಯಾನಿಕ್ ತುಂಡನ್ನು ಪೇಪರಿನಲ್ಲಿ ಸುತ್ತುತ್ತ ಓಬಳೇಶನ ಕಿವಿಗೆ ಬಾಯಿಟ್ಟ. "ಇದೊಂದು ಹೊಸಾದು ಹಾಕಿದ್ರ ಮುಗೀತು. ಆದ್ರ ಡಬ್ಬಿನೂ ಈಗ ಹಳೇ ಮಾಡೆಲ್ ಆತು ನೋಡ್ರಿ. ರಿಮೋಟಿಂದು ಬಂದೈತಿ. ಕುಂತಲ್ಲೇ ಒತ್ತಿದ್ರ ಚಾನೆಲ್ ಬದ್ಲಿ. ಮಿಲ್ಲಿನವರು ತಂದಾರ."

ಅವನು ಹೋದ ಮೇಲೆ ಮಾವ ಬಾಗಿಲು ಮುಚ್ಚಿಸಿದ. "ಕಾಯಿ ಸುದ್ದಿ ಈ ಹೊಸ್ತಿಲ ದಾಟಬಾರದು. ಊರಿಗೆಲ್ಲ ಬೀಗರ ಮಾಲು ಖರಾಬು ಅಂತ ಹೇಳಿ ಕುಂತೀವಿ. ಈಗ ನಮ್ಮದ ತಪ್ಪು ಅಂದ್ರ ಮಂದಿ ಕುಂಡಿ ಬಡಕೊಂಡು ನಗತಾರ."

"ಹಂಗಾದ್ರ ಅವರಪ್ಪಗ ಏನ್ ಹೇಳ್ತೀರಿ?" ಅಂದೆ.

"ಸರಿ ಮಾಡಿಕೊಡು ಅಂತ ಹೇಳ್ತೀವಿ. ಬ್ಯಾರೆ ಏನ್ ಹೇಳೋದು?"

ಹೊನ್ನೂರಸ್ವಾಮಿ ಸಂಕ್ರಾಂತಿಯ ನಾಲ್ಕೈದು ದಿನದ ಮೇಲೆ ಒಬ್ಬನೇ ಬಂದ. ಹೊಸಪೇಟೆಯಲ್ಲಿ ಹೊಸ ಎಲ್‌ಎನ್‌ಬಿ ಕೊಂಡು, ಅಂಗಡಿಯವನ ಹತ್ತಿರ ಕೂತು ಹೇಗೆ ಕೂರಿಸಬೇಕು ಅಂತ ಕೇಳಿ ಕಲಿತು ಬಂದಿದ್ದ. ಕಂಪ್ಲಿಯ ಮೆಕ್ಯಾನಿಕ್ ಯಾರದೋ ಮದುವೆಗೆ ಹೋಗಿದ್ದ. "ಕಾರ್ಖಾನಿಯಾಗ ಎಷ್ಟು ನಟ್ಟು ತಿರುವೀನಿ, ಇದೇನ್ ಮಹಾ" ಅಂತ ಪಂಚೆ ಎತ್ತಿ ಕಟ್ಟಿ, ಪಾನಾ ಹಿಡಿದು ತಾನೇ ಮಾಳಿಗೆ ಹತ್ತಿದ. ಬಂದವನಿಗೆ ಒಂದು ಲೋಟ ನೀರು ಕೊಟ್ಟದ್ದು ನಾನು. ಓಬಳೇಶ ಕುರ್ಚಿಯಿಂದ ಏಳಲೂ ಇಲ್ಲ.

ಮಟಮಟ ಮಧ್ಯಾಹ್ನ. ಮಾಳಿಗೆ ಕಾದ ಹೆಂಚಾಗಿತ್ತು. ಮೇಲಿಂದ ಮುದುಕನ ದನಿ ಬರುತ್ತಿತ್ತು, "ಬಂತೇನ್ರೀ ಅಳಿಯಾರ?" ಓಬಳೇಶ ಕೂತಲ್ಲಿಂದಲೇ "ಇಲ್ಲ!" ಅನ್ನುತ್ತಿದ್ದ. ನಾನು ಮತ್ತು ವಿರುಪಮ್ಮ ಮೇಲೆ ಒಯ್ಯಲಿಕ್ಕೆ ಮಜ್ಜಿಗೆ ಹಿಡಿದು ಪಡಸಾಲೆಗೆ ಬಂದೆವು. ಅದೇ ಹೊತ್ತಿಗೆ ಟೀವಿಯಲ್ಲಿ ಹುಳಗಳು ಪಟ್ಟನೆ ಹೋಗಿ ಚಿತ್ರ ಬಂತು. ಕನ್ನಡದ ಹೊಸ ಚಾನೆಲ್ಲು. ಒಬ್ಬ ಹುಡುಗಿ ಹಳದಿ ಸೀರೆ ಉಟ್ಟು ಹಾಡುತ್ತಿದ್ದಳು, ಕಿವಿಯೋಲೆಯ ಹರಳು ಎಣಿಸಬಹುದಾಗಿತ್ತು. ಸದ್ದು ಪೂರಾ ಇಟ್ಟಿದ್ದರಿಂದ ಹಾಡು ಮನೆಯೆಲ್ಲ ತುಂಬಿತು.

ಓಬಳೇಶ ಹಾರಿ ಬಂದು ಸದ್ದು ಆರಿಸಿದ. ಆಮೇಲೆ ಮೇಲಕ್ಕೆ ಮುಖ ಮಾಡಿ ಕೂಗಿದ.

"ಇಲ್ರೀ ಮಾವ! ಏನೂ ಬಂದಿಲ್ಲ!"

ನನ್ನ ಮಾವ ಜಂಬಯ್ಯ ಎದುರಿಗೇ ಕುರ್ಚಿಯಲ್ಲಿದ್ದ. ಟೀವಿ ನೋಡಿದ, ಮಗನನ್ನು ನೋಡಿದ, ಎಲೆಗೆ ಸುಣ್ಣ ಹಚ್ಚಿದ. ಅತ್ತೆ ಅಕ್ಕಿಯ ಮೊರದಲ್ಲಿ ಕಲ್ಲು ಹುಡುಕುತ್ತ ಕೂತಳು. ದನಿಯಿಲ್ಲದ ಹುಡುಗಿ ಎಲ್ಲರ ನಡುವೆ ಬಾಯಿ ತೆರೆದು ಹಾಡುತ್ತಲೇ ಇದ್ದಳು.

"ಬಂದೈತಲ್ರೀ," ಅಂದಳು ವಿರುಪಮ್ಮ ಗಂಡನಿಗೆ.

"ಏನ್ ಬಂದೈತಿ? ಡಬ್ಬಿ ಹೋಗೈತಿ. ಹೊಸಾ ಡಬ್ಬಿ ಬೇಕು. ಒಳಗ ನಡಿ."

ಅವಳು ಒಳಗೆ ಹೋಗಲಿಲ್ಲ. ಆ ಹೊಟ್ಟೆ, ಆ ಬಾತ ಕಾಲು ಹೊತ್ತು ಮಾಳಿಗೆಯ ಮೆಟ್ಟಿಲು ಹತ್ತಿದಳು. ನಾನು ಹಿಂದೆ ಓಡಿದೆ. ಮೇಲೆ ಹೊನ್ನೂರಸ್ವಾಮಿ ತಲೆಗೆ ಟವೆಲ್ ಸುತ್ತಿ, ಛತ್ರಿಯ ಅಂಚು ಹಿಡಿದು ನಿಂತಿದ್ದ. ಬನಿಯನ್ ಬೆವರಿಗೆ ಮೈಗೆ ಅಂಟಿತ್ತು.

"ಅಪ್ಪಾ, ಕೈ ಬಿಡು. ಚಿತ್ರ ಬಂದೈತಿ. ಕನ್ನಡಿಯಾಗಿನ ಮಕ ಕಂಡಂಗ ಬಂದೈತಿ. ಸುಳ್ಳು ಹೇಳಾಕತ್ಯಾರ."

ಮುದುಕ ಮಗಳನ್ನು ನೋಡಿದ. "ಇಷ್ಟು ಎತ್ತರ ಯಾಕ ಹತ್ತಿ ಬಂದೆವ್ವ?"

"ಅಪ್ಪಾ, ನಾ ಏನ್ ಹೇಳಾಕತ್ತೀನಿ?"

"ಹಾಡು ನನಗೂ ಕೇಳಿಸ್ತವ್ವ."

"ಮತ್ತ?"

"ಮತ್ತೇನ್? ಅಳಿಯ ಇಲ್ಲ ಅಂದ ಮ್ಯಾಲ ಇಲ್ಲ." ಅಂದವನೇ ಪಾನಾ ಹಾಕಿ ನಟ್ಟು ಸಡಿಲ ಮಾಡಿ, ಸರಿಯಾಗಿ ಕೂತಿದ್ದ ಛತ್ರಿಯನ್ನು ಕೈಯಾರೆ ಆಚೆಗೆ ತಿರುಗಿಸಿದ. ಬಗ್ಗಿ ಕೆಳಕ್ಕೆ ಕೂಗಿದ, "ಹೌದ್ರೀ ಅಳಿಯಾರ, ಡಬ್ಬಿನ ಹೋಗಿರಬೇಕು! ನಾ ಹೊಸಾದು ತರ್ತೀನಿ ಬಿಡ್ರಿ!"

ನನ್ನ ಮೈ ಉರಿದುಹೋಯಿತು. ಅವನ ಮೇಲೋ, ಇವರ ಮೇಲೋ ಗೊತ್ತಾಗಲಿಲ್ಲ. ಮೆಟ್ಟಿಲು ಇಳಿದು ಬಂದು ಪಡಸಾಲೆಯಲ್ಲಿ ನಿಂತು ಅಂದೆ, "ನಾನೂ ಕಣ್ಣಾರ ನೋಡೀನಿ ಮಾವ. ನೀವೂ ನೋಡೀರಿ. ಬಿಸಿಲಾಗ ನಿಂತ ಮುದುಕಗ ಇಷ್ಟು ಮೋಸ ಮಾಡಬಾರದು. ಉಂಡ ಅನ್ನ ಹೆಂಗ ಮೈಗತ್ತತೈತಿ ನಿಮಗ?"

"ಪಾಲಪ್ಪ! ನಿನ್ನ ಹೆಂಡ್ತಿ ಬಾಯಿ ಮುಚ್ಚಿಸ್ತಿಯೋ, ನಾ ಮುಚ್ಚಿಸ್ಲೋ?"

ನನ್ನ ಗಂಡ ಹಿತ್ತಿಲಿಂದ ಬಂದು, "ಲೇ, ಒಳಗ ನಡಿ" ಅಂದ.

"ಹೋಗ್ತೀನಿ. ನೀನು ಬರೇ ಅಷ್ಟ ಅನ್ನಾಕ ಹುಟ್ಟೀದಿ," ಅಂದೆ. ಅವನು ಹೊಡೆಯಲಿಲ್ಲ. ಕಣ್ಣು ಕೆಳಗೆ ಹಾಕಿ ಎಮ್ಮೆಗೆ ಹುಲ್ಲು ಹಾಕಲಿಕ್ಕೆ ಹೋದ.

ಹೊನ್ನೂರಸ್ವಾಮಿ ಕೆಳಗಿಳಿದು ಕೈಕಾಲು ತೊಳೆದು ಊಟಕ್ಕೆ ಕೂತ. ಅಳಿಯ ಪಕ್ಕದಲ್ಲಿ, ಬೀಗ ಎದುರಿಗೆ. ಕೆಲಸ ಮುಗಿಯಿತಲ್ಲ, ಈಗ ಅತ್ತೆಯೇ ಕೈಯಾರೆ ತುಪ್ಪ ಬಡಿಸಿದಳು. "ಉಣ್ರೀ ಬೀಗರ, ನಾಚಬ್ಯಾಡ್ರಿ," ಅಂದಳು. ರಿಮೋಟ್ ಇರುವ ಡಬ್ಬಿ ಅಂತ ಓಬಳೇಶ ಎರಡು ಸಲ ನೆನಪು ಮಾಡಿದ. ಮುಂದಿನ ಹುಣ್ಣಿಮೆ ಆದ ಮೇಲೆ ಡಬ್ಬಿ, ಕುಬಸ ಎರಡೂ ಒಟ್ಟಿಗೆ ಅಂತ ಮಾತಾಯಿತು. ಬಸ್ಸಿಗೆ ಹೊರಡುವಾಗ ಮುದುಕ ಒಲೆಯ ಕೋಣೆಗೆ ಬಗ್ಗಿ, "ಬರ್ತೀನವ್ವ. ಇನ್ನ ಎರಡು ವಾರ, ಕರಕೊಂಡು ಹೋಗ್ತೀನಿ" ಅಂದ. ವಿರುಪಮ್ಮ ಒಲೆಗೆ ಕಟ್ಟಿಗೆ ತಳ್ಳುತ್ತಿದ್ದಳು.

ಎರಡು ವಾರ ಅವಳು ಮಾತು ಕಮ್ಮಿ ಮಾಡಿದಳು. ಕೆಲಸ ಮಾಡಿದಳು, ಬೈದರೆ ಬೈಸಿಕೊಂಡಳು, ಮೆಂತ್ಯದ ಪಲ್ಯ ಸೋಸಿದಳು. ಅವ್ವನ ಮಾತು ಎತ್ತಲೇ ಇಲ್ಲ. ನಾನೇ ಒಂದು ದಿನ ರೊಟ್ಟಿ ಬಡಿಯುತ್ತ, "ಇನ್ನೇನು ಬಂತು ನೋಡು, ಅವ್ವನ ಮಗ್ಗುಲಾಗ ಮಲಗಬಹುದು" ಅಂದೆ.

"ಅಕ್ಕಾ, ನಾ ಹೋದ್ರ ತಿರುಗಿ ಕರಿಯಾಕ ಏನ್ ಕೇಳ್ತಾರ ಇವರು?"

"ಏನ್ ಕೇಳ್ತಾರ? ನಿಮ್ಮವರು ತೊಟ್ಟಿಲು ತರ್ತಾರ, ಕೂಸಿಗೆ ಬೆಳ್ಳಿ ತರ್ತಾರ. ಎಲ್ಲಾರೂ ಕೊಡೋದು."

"ಅದಲ್ಲ. ಎಲ್ಲಾರೂ ಕೊಡೋದು ಬಿಟ್ಟು?"

ನಾನು ರೊಟ್ಟಿ ತಿರುವಿ ಹಾಕಿದೆ. ಮೋಟರ್ ಸೈಕಲ್ ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಕೂಸು ಹುಟ್ಟಿದ ಮೇಲೆ ಬರೋಣ ಆ ಮಾತಿಗೆ ಅಂತ ಅತ್ತೆ ಮಗನಿಗೆ ಹೇಳಿದ್ದನ್ನು ಹಿತ್ತಿಲಲ್ಲಿ ನಾನೂ ಕೇಳಿದ್ದೆ, ಇವಳೂ ಕೇಳಿದ್ದಳೆಂದು ಕಾಣುತ್ತದೆ.

"ನಮ್ಮಪ್ಪಗ ಇಲ್ಲ ಅನ್ನಾಕ ಬರಂಗಿಲ್ಲಕ್ಕಾ. ಕಣ್ಣೆದುರಿಗೆ ಇದ್ದ ಚಿತ್ರಾನ ಇಲ್ಲ ಅಂದ," ಅಂದಳು. ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು.

ಕುಬಸದ ದಿನ ಚಿತ್ತವಾಡ್ಗಿಯಿಂದ ಟೆಂಪೊ ಬಂತು. ಯಮನಮ್ಮ, ಐದು ಮಂದಿ ಮುತ್ತೈದೆಯರು, ಬುಟ್ಟಿ ತುಂಬ ಉಂಡಿ, ಕರಿಗಡುಬು, ಹೋಳಿಗೆ. ಹೊನ್ನೂರಸ್ವಾಮಿ ಎಲ್ಲರಿಗಿಂತ ಮುಂದೆ ಇಳಿದು, ಹೊಸ ಡಬ್ಬಿಯನ್ನು ಎದೆಗವಚಿಕೊಂಡು ಒಳಗೆ ಬಂದ. ಓಬಳೇಶ ಈ ಸಲ ಕುರ್ಚಿಯಿಂದ ಎದ್ದ. ನಾವು ಹೆಂಗಸರು ವಿರುಪಮ್ಮನಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುತ್ತಿದ್ದರೆ ಅತ್ತ ಗಂಡಸರು ವೈರು ಚುಚ್ಚುತ್ತಿದ್ದರು. ಮೆಕ್ಯಾನಿಕ್ ಛತ್ರಿ ತಿರುವಿದ. ಆರತಿಯ ಹಾಡು ಮುಗಿಯುವ ಮೊದಲೇ ಪಡಸಾಲೆಯಲ್ಲಿ "ಬಂತು! ಮಸ್ತ್ ಬಂತು!" ಅಂತ ಕೂಗೆದ್ದಿತು. ಆರತಿಗೆ ಬಂದ ನಮ್ಮ ಓಣಿಯ ಹೆಂಗಸರೂ ಒಬ್ಬೊಬ್ಬರೇ ಅತ್ತ ಸರಿದರು.

ಊಟವಾಯಿತು. ಟೆಂಪೊದವನು ಹಾರ್ನ್ ಹೊಡೆದ. ಯಮನಮ್ಮ ಮಗಳ ಬಟ್ಟೆಗಂಟು ಎತ್ತಿಕೊಂಡು, "ಏಳವ್ವ, ಹೊತ್ತಿದ್ದಂಗ ಊರು ಸೇರೋಣು" ಅಂದಳು.

"ನಾ ಬರಂಗಿಲ್ಲವ್ವ."

ಎಲ್ಲರೂ ತಮಾಷೆ ಅಂದುಕೊಂಡರು. ಯಮನಮ್ಮ ನಕ್ಕು ಕೈ ಹಿಡಿದು ಎಬ್ಬಿಸಲು ಹೋದಳು. ವಿರುಪಮ್ಮ ಕೈ ಬಿಡಿಸಿಕೊಂಡಳು.

"ನಾ ಇಲ್ಲೇ ಹಡಿತೀನಿ."

ಅತ್ತೆಯ ದನಿ ಏರಿತು. "ಏನ್ ಹುಚ್ಚು ಹಿಡಿದೈತೇನ ನಿನಗ? ಚೊಚ್ಚಲ ಬಸುರಿ ತವರಿಗೆ ಹೋಗಲಿಲ್ಲ ಅಂದ್ರ ಮಂದಿ ನಮ್ಮ ಮಾರಿಗೆ ಉಗಳ್ತಾರ. ಇಲ್ಲಿ ಯಾರು ಮಾಡ್ಬೇಕು ನಿನ್ನ ಬಾಣಂತನ?"

"ಹೋಗ್ತೀನಿ ಅತ್ತಿ. ನಾ ಹೋದ್ರ ತಿರುಗಿ ಕರಕೊಂಡು ಬರಾಕ ಏನು ಬೇಕು, ಅದೊಂದು ಈಗ ಹೇಳಿಬಿಡ್ರಿ. ಎಲ್ಲಾರೂ ಅದಾರ. ಏನೂ ಬ್ಯಾಡ ಅಂತ ನಿಮ್ಮ ಮಗ ಇಲ್ಲಿ ಬಂದು ಒಂದು ಮಾತು ಅಂದ್ರ ಈಗ ಟೆಂಪೊ ಹತ್ತತೀನಿ."

ಓಬಳೇಶ ರಿಮೋಟ್ ಹಿಡಿದು ಬಾಗಿಲಿಗೆ ಬಂದಿದ್ದ. ಅವಳನ್ನು ನೋಡಿದ, ಅವ್ವನನ್ನು ನೋಡಿದ. ಒಂದು ಮಾತು, ಅಷ್ಟೇ ಬೇಕಾಗಿತ್ತು. ಸುಳ್ಳಾದರೂ ಅನ್ನಬಹುದಾಗಿತ್ತು, ಸುಳ್ಳು ಅವನಿಗೆ ಹೊಸದೇನಲ್ಲ.

"ಹೆಂಗಸರ ರಗಳಿ, ನನಗ್ಯಾಕ," ಅಂದು ಪಡಸಾಲೆಗೆ ಹೋದ.

"ಅವ್ವಾ, ಹಂಗ ಹಟ ಮಾಡಬ್ಯಾಡ," ಅಂತ ಹೊನ್ನೂರಸ್ವಾಮಿ ಮುಂದೆ ಬಂದ. "ಏನ್ ಕೇಳಿದ್ರೂ ಕೊಡ್ತೀನಿ. ನಾ ಇನ್ನೂ ದುಡಿತೀನಿ, ಕೈಕಾಲು ಗಟ್ಟಿ ಅದಾವು."

"ಅದಕ್ಕ ಬರಂಗಿಲ್ಲಪ್ಪಾ," ಅಂದಳು ವಿರುಪಮ್ಮ. "ನೀ ಕೊಡ್ತಿ."

ಯಮನಮ್ಮ ಅತ್ತಳು, ಗದರಿದಳು, ಮಗಳ ಗಲ್ಲ ಹಿಡಿದಳು. ಮುತ್ತೈದೆಯರು ಬುದ್ಧಿ ಹೇಳಿದರು. ಮಾವ ಕಟ್ಟೆಯ ಮೇಲೆ ಕೂತು, ಇದು ನಮ್ಮ ಮಾನ ತೆಗೆಯಲಿಕ್ಕೆ ಅವಳಿಗೆ ಯಾರೋ ಹೇಳಿಕೊಟ್ಟದ್ದು ಅಂತ ನನ್ನ ಕಡೆ ನೋಡಿ ಹೇಳಿದ. ನನ್ನ ಗಂಡ ಪಾಲಪ್ಪ ಹುಟ್ಟಿದ ಮೇಲೆ ಮೊದಲ ಸಲ ಅಪ್ಪನಿಗೆ, "ಸಾಕು ಸುಮ್ಕಿರಪ್ಪಾ" ಅಂದ. ಅದಕ್ಕಿಂತ ಹೆಚ್ಚು ಅವನ ಕೈಲಾಗಲಿಲ್ಲ. ಟೆಂಪೊದವನು ಮತ್ತೆ ಹಾರ್ನ್ ಹೊಡೆದ. ಕೊನೆಗೆ ಬಂದವರು ಬಂದ ಹಾಗೆ ಹತ್ತಿದರು. ಯಮನಮ್ಮ ಒಂದು ಕಾಲು ಟೆಂಪೊದಲ್ಲಿಟ್ಟವಳು ಇಳಿದು ವಾಪಸ್ ಬಂದಳು. ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು.

"ಆ ಹೊಸಾದು... ಚಿತ್ರ ಚಲೋ ಬರತೈತೇನವ್ವ?"

"ಬರತೈತವ್ವ. ಭಾಳ ಚಲೋ ಬರತೈತಿ. ನೀ ಹೋಗು."

ಟೆಂಪೊ ಕಾಲುವೆ ಸೇತುವೆ ದಾಟುವ ತನಕ ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಪಡಸಾಲೆಯಿಂದ ಓಬಳೇಶ ಚಹಾ ಕೇಳಿದ. ಊರ ಮಂದಿ ಕೂತಿದ್ದರು. ಅವಳು ಒಲೆಯ ಕೋಣೆಗೆ ಬಂದು ಪಾತ್ರೆಗೆ ನೀರು ಹಾಕಿದಳು. ನಾನು ಪಾತ್ರೆ ಕಸಿದುಕೊಂಡು, "ಕುಂದ್ರು, ನಾ ಮಾಡ್ತೀನಿ" ಅಂದೆ. ಗೋಡೆಗೆ ಒರಗಿ ಕೂತಳು. ಇಪ್ಪತ್ತು ತುಂಬದ ಹುಡುಗಿ. ಅಷ್ಟು ಮಂದಿಯ ಎದುರು ಆಡಿದ ಗಟ್ಟಿ ದನಿ ಎಲ್ಲಿ ಹೋಗಿತ್ತೋ!

"ಅಕ್ಕಾ."

"ಏನು?"

"ಹಡಿಯೂವಾಗ ಭಾಳ ನೋವಾಗತೈತೇನು?"

ನನ್ನ ಮಕ್ಕಳಿಬ್ಬರೂ ಈ ಮನೆಯ ಹಿಂದಿನ ಕೋಣೆಯಲ್ಲೇ ಹುಟ್ಟಿದವರು. ಕರೆದೊಯ್ಯಲಿಕ್ಕೆ ನನಗೆ ಅವ್ವ ಇರಲಿಲ್ಲ. ಅವಳಿಗೆ ಇದ್ದಳು, ಈಗಷ್ಟೇ ಬಾಗಿಲ ತನಕ ಬಂದು ಹೋಗಿದ್ದಳು.

"ಆಗತೈತಿ," ಅಂದೆ.